ಬಟಾಣಿಯ ಜೊತೆ ಹೋದ ಪೈನ್ ಎಲೆ

ಗುಡ್ಡದ ಹಿಂದೆ ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಮಕಾರಿಯಾ ಕುಮೆಸ್ ಆಗಲೇ ಶೆಡ್ಡಿನ ನೆಲವನ್ನು ಒಂದು ಸಲ ಗುಡಿಸಿ ಮುಗಿಸಿದ್ದಾರೆ. ಬಾಗಿಲಿಗೆ ಬರುತ್ತಾರೆ, ತಲೆ ಎತ್ತಿ ಎದುರಿನ ಎರಡು ಪೈನ್ ಮರಗಳನ್ನು ದುರುಗುಟ್ಟಿ ನೋಡುತ್ತಾರೆ, ಮತ್ತೆ ಒಳಗೆ ಹೋಗಿ ಮೂಲೆಯಿಂದ ಶುರು ಮಾಡುತ್ತಾರೆ. ಫೆಬ್ರವರಿಯ ಗಾಳಿ ಇದು. ಒಂದು ಸಲ ಬೀಸಿದರೆ ಸಾಕು, ಮರದ ಒಣಗಿದ ಸೂಜಿ ಎಲೆಗಳು ಉದುರಿ, ಬಾಗಿಲಡಿಯ ಸಂದಿಯಿಂದ ನುಸುಳಿ ಒಳಗೆ ಬಂದು ಬೀಳುತ್ತವೆ.

"ಬನ್ನಿ ಬನ್ನಿ, ನಿಮ್ಮಪ್ಪನ ಮನೆ ನೋಡಿ ಇದು," ಎಂದು ಎಲೆಗಳಿಗೇ ಬೈಯುತ್ತಾ ಪೊರಕೆ ಆಡಿಸುತ್ತಾರೆ.

ಐವತ್ತು ದಾಟಿದ ಹೆಂಗಸು. ಕುಳ್ಳಗಿನ ಮೈಕಟ್ಟು, ಕೈಯಿಂದ ನೇಯ್ದ ಕೆಂಪು ರವಿಕೆ, ನಡುವಿಗೆ ಬಿಗಿದ ಪಟ್ಟಿ. ಕೂರುವುದು ಅವರ ಜಾಯಮಾನದಲ್ಲೇ ಇಲ್ಲ. ಇವತ್ತಂತೂ ನಿಂತಲ್ಲಿ ನಿಲ್ಲುತ್ತಿಲ್ಲ. ಕ್ರೇಟುಗಳನ್ನು ತೊಳೆದಿದ್ದಾರೆ, ಮಗುಚಿ ಹಾಕಿದ್ದಾರೆ, ಒಣಗಿತೋ ಇಲ್ಲವೋ ಎಂದು ಬೆರಳಿಟ್ಟು ನೋಡಿದ್ದಾರೆ. ತೊಳೆದ ಕ್ರೇಟಿನ ತಳದಲ್ಲಿ ಏನೋ ಕಂಡಂತಾಗಿ ಮತ್ತೆ ತೊಳೆದಿದ್ದಾರೆ. ಬೆಳಿಗ್ಗೆ ಕಂಪನಿಯ ಪರಿಶೀಲಕ ಬರುತ್ತಾನೆ. ಅವನು ಹೂಂ ಎಂದರೆ ಲಾರಿ ಬರುತ್ತದೆ. ಉಹೂಂ ಎಂದರೆ ಊರಿನ ಬಟಾಣಿಯೆಲ್ಲ ಹಂದಿಗಳ ಪಾಲು.

ಟೆಕ್ಪಾನ್ ಪೇಟೆಯಿಂದ ಮೇಲಕ್ಕೆ, ಪಿಕಪ್ಪುಗಳು ಏದುಸಿರು ಬಿಡುತ್ತಾ ಹತ್ತುವ ಮಣ್ಣುದಾರಿಯ ಕೊನೆಯಲ್ಲಿದೆ ಚುವಾಸಾಕ್. ಸುತ್ತಲಿನ ಇಳಿಜಾರು ಹೊಲಗಳಲ್ಲಿ ಕಡ್ಡಿಗೆ ಹಬ್ಬಿಸಿದ ಚೀನೀ ಬಟಾಣಿ. ಕಾಳು ಕಟ್ಟುವ ಮೊದಲೇ ಕಿತ್ತು, ಸಿಪ್ಪೆ ಸಮೇತ ತಿನ್ನುವ ಜಾತಿ. ಮನೆಮನೆಯಿಂದ ಬುಟ್ಟಿ ಹೊತ್ತು ತಂದದ್ದು ಈ ಶೆಡ್ಡಿನ ಉದ್ದನೆಯ ಮೇಜಿಗೆ ಸುರಿಯುತ್ತದೆ. ಇಲ್ಲಿಂದ ತಂಪು ಲಾರಿ ಹತ್ತಿ, ವಿಮಾನ ಹತ್ತಿ, ಕಡಲು ದಾಟಿ ಇಂಗ್ಲೆಂಡಿನ ಅಂಗಡಿಗಳಿಗೆ ಹೋಗುತ್ತದೆ. ಅಲ್ಲಿ ಪೊಟ್ಟಣ ಬಿಚ್ಚುವವರಿಗೆ ಮಕಾರಿಯಾ ಗೊತ್ತಿಲ್ಲ. ಆದರೆ ಆ ಪೊಟ್ಟಣದೊಳಗಿನ ಕಾಯಿಗಳಲ್ಲಿ ಅವರ ಕೈ ತಾಗದೆ ಹೋದದ್ದು ಒಂದೂ ಇಲ್ಲ.

ಶೆಡ್ಡಿನ ಬೀಗದ ಕೈ ಇರುವುದು ಅವರ ನಡುಪಟ್ಟಿಯಲ್ಲಿ. ಯಾರ ಬುಟ್ಟಿ ಬಂದರೂ ಮೇಜಿನ ಮೇಲೆ ಹರಡಿ ಅಂಗೈ ಆಡಿಸುತ್ತಾರೆ. ಗಾಳಿಗೆ ಉಜ್ಜಿ ಗೀರು ಬಿದ್ದದ್ದು ಒಂದು ಕಡೆ, ಹುಳ ಕೆರೆದದ್ದು ಒಂದು ಕಡೆ, ಕಾಳು ಉಬ್ಬಿದ್ದು ಇನ್ನೊಂದು ಕಡೆ. ಉಳಿದದ್ದನ್ನು ಕ್ರೇಟಿಗೆ ತುಂಬಿ ಆ ಮನೆಯ ನಂಬರಿನ ಚೀಟಿ ಕಟ್ಟುತ್ತಾರೆ. ಪ್ರತಿ ಮನೆಗೂ ಒಂದು ನಂಬರು. ಆ ನಂಬರು ಪೊಟ್ಟಣದ ಜೊತೆ ಅಂಗಡಿಯ ತನಕ ಹೋಗುತ್ತದೆ. ಮಕಾರಿಯಾ ಅವರದು ನಲವತ್ತೊಂದು.

"ಹೆಸರು ಚೀನಾದ್ದು, ಮಣ್ಣು ನಮ್ಮದು, ಹೊಟ್ಟೆ ಇನ್ಯಾರದ್ದೋ. ನಾವು ಯಾರೂ ತಿನ್ನಲ್ಲಪ್ಪ. ಹುಲ್ಲು ಅಗಿದಂಗೆ ಇರುತ್ತೆ," ಎಂದು ನಗುತ್ತಾರೆ. "ಮೊಟ್ಟೆ ಜೊತೆ ಹುರಿದರೆ ಒಂದು ತುತ್ತು ಇಳಿಯುತ್ತೆ. ಅದೂ ಹೋಗಲಿ ಪಾಪ ಅಂತ."

ತಿನ್ನದ ಬೆಳೆಯ ಮೇಲೆ ಇಷ್ಟು ಅಕ್ಕರೆ ಏಕೆ ಎಂದು ಕೇಳಿದರೆ ಅವರ ಪೊರಕೆ ಒಂದು ಗಳಿಗೆ ನಿಲ್ಲುತ್ತದೆ. ಅವರ ಬಾಲ್ಯದಲ್ಲಿ ಚುವಾಸಾಕ್‌ನ ಜನ ವರ್ಷಕ್ಕೊಮ್ಮೆ ಮನೆಗೆ ಬೀಗ ಹಾಕಿ ಕರಾವಳಿಗೆ ಇಳಿಯುತ್ತಿದ್ದರು, ದೊಡ್ಡ ಜಮೀನ್ದಾರರ ಹತ್ತಿ ಬಿಡಿಸಲು. ಲಾರಿಯಲ್ಲಿ ದನ ತುಂಬಿದ ಹಾಗೆ ತುಂಬುತ್ತಿದ್ದರು. ಸೆಕೆ, ಸೊಳ್ಳೆ, ಹೊಲದ ಮೇಲೆ ವಿಮಾನದಿಂದ ಸುರಿಯುತ್ತಿದ್ದ ಔಷಧಿ. ಅದು ಕೆಲಸಗಾರರ ತಲೆಯ ಮೇಲೂ ಬೀಳುತ್ತಿತ್ತು.

"ನನ್ನ ಬೆನ್ನಿಗೆ ಕಟ್ಟಿಕೊಂಡಿದ್ದ ತಮ್ಮ ಅಲ್ಲೇ ಹೋದ," ಎನ್ನುತ್ತಾರೆ. "ಅಲ್ಲೇ ಮಣ್ಣು ಮಾಡಿದ್ವಿ. ಯಾವ ಮರದ ಬುಡ ಅಂತ ಈಗ ಅಮ್ಮಂಗೂ ನೆನಪಿಲ್ಲ. ಆಮೇಲೆ ಈ ಬಟಾಣಿ ಬಂತು. ಇದು ಬಂದ ಮೇಲೆ ನಾವು ನಮ್ಮ ಮಣ್ಣು ಬಿಟ್ಟು ಎಲ್ಲೂ ಹೋಗಿಲ್ಲ. ಅಷ್ಟೇ ವಿಷಯ."

ಮಾತು ಅಲ್ಲಿಗೆ ಮುಗಿಸಿ ಮತ್ತೆ ಗುಡಿಸತೊಡಗುತ್ತಾರೆ. ಆದರೂ ಇದ್ದ ಜಮೀನನ್ನೆಲ್ಲ ಬಟಾಣಿಗೆ ಕೊಟ್ಟವರಲ್ಲ ಇಲ್ಲಿಯವರು. ಅರ್ಧಕ್ಕೆ ಮೆಕ್ಕೆಜೋಳ ಬಿತ್ತಲೇಬೇಕು. ಮಕಾರಿಯಾ ಅವರ ಗಂಡ ಬಾಸಿಲಿಯೋ ಜೋಳದ ಪಾಲಿನ ಒಂದು ಗೇಣು ಜಾಗವನ್ನೂ ಬಟಾಣಿಗೆ ಬಿಡುವ ಆಸಾಮಿಯಲ್ಲ. ರೊಟ್ಟಿಗೆ ಜೋಳ, ಮಿಕ್ಕಿದ್ದಕ್ಕೆಲ್ಲ ಬಟಾಣಿ ಎಂಬುದು ಆ ಮನೆಯ ಲೆಕ್ಕಾಚಾರ.

ಈಗಿನ ಪೀಕಲಾಟಕ್ಕೆ ಕಾರಣ ಈ ಶೆಡ್ಡಿನ ನೆಲ. ಮೊದಲು ಮಣ್ಣಿನ ನೆಲವಿತ್ತು. ಸಿಮೆಂಟು ಹಾಕದಿದ್ದರೆ ಲಾರಿ ಇಲ್ಲ ಎಂದಿತು ಕಂಪನಿ. ಊರವರೇ ಹೊಳೆಯಿಂದ ಮರಳು ಹೊತ್ತು, ತಾವೇ ಕಲಸಿ, ಕ್ರಿಸ್‌ಮಸ್ ಹೊತ್ತಿಗೆ ನೆಲ ಹಾಕಿ ಮುಗಿಸಿದರು. ಹೊಸ ನೆಲದ ಮೇಲೆ ಮೊದಲ ಫಸಲು ಇಳಿಯುವ ದಿನ ಬಂದಾಗ ಮಕಾರಿಯಾ ಅವರಿಗೆ ತಡೆಯಲಾಗಲಿಲ್ಲ. ಮದುವೆಯಾಗಲಿ, ಸಂತರ ಮೂರ್ತಿ ಮನೆಗೆ ಬರುವುದಾಗಲಿ, ದೂರದ ನೆಂಟರು ಬರುವುದಾಗಲಿ, ಈ ಊರುಗಳಲ್ಲಿ ನೆಲಕ್ಕೆ ಹಸಿ ಪೈನ್ ಎಲೆ ಹಾಸುತ್ತಾರೆ. ಕಾಲಿಟ್ಟರೆ ಮೆತ್ತಗೆ, ಮನೆಯೆಲ್ಲ ಘಮಘಮ. ಬರಿ ನೆಲದ ಮೇಲೆ ಯಾರನ್ನೂ ಬರಮಾಡಿಕೊಳ್ಳುವುದಿಲ್ಲ. ಇದೂ ಒಂದು ಗೃಹಪ್ರವೇಶವೇ ತಾನೆ? ಮಕಾರಿಯಾ ಹುಡುಗರನ್ನು ಎದುರಿನ ಮರ ಹತ್ತಿಸಿ ಹಸಿರು ಗೊಂಚಲು ಇಳಿಸಿ, ಒಂದೊಂದೇ ಎಲೆ ಬಿಡಿಸಿ, ಶೆಡ್ಡಿನ ತುಂಬ ಹಾಸಿದರು. ಧೂಪ ಹಾಕಿದರು. ಎಲ್ಲರಿಗೂ ಜೋಳದ ಅಂಬಲಿ ಹಂಚಿದರು. ಅಂದು ಊರೇ ಹೊಗಳಿತು. ಸಂಜೆ ಎಲೆಯನ್ನೆಲ್ಲ ಗುಡಿಸಿ ಹೊರಗೆ ಹಾಕಿದ್ದೂ ಆಯಿತು.

ಒಂದು ಮಾತ್ರ ಉಳಿಯಿತು. ಅದು ಯಾವುದೋ ಕ್ರೇಟಿನ ತಳಕ್ಕೆ ಅಂಟಿ, ಬಟಾಣಿಯೊಳಗೆ ಸೇರಿ, ಕಡಲು ದಾಟಿತು. ಇಂಗ್ಲೆಂಡಿನ ಒಂದು ಅಡುಗೆಮನೆಯಲ್ಲಿ ಒಬ್ಬ ಹೆಂಗಸು ಪೊಟ್ಟಣ ಬಿಚ್ಚಿದಾಗ ಹೊರಬಿತ್ತು. ಆಕೆ ಅದನ್ನು ಬಿಳಿ ತಟ್ಟೆಯ ಮೇಲಿಟ್ಟು, ಫೋಟೊ ತೆಗೆದು, ಅಂಗಡಿಗೆ ದೂರು ಕೊಟ್ಟರು. ಅಂಗಡಿ ಕಂಪನಿಯನ್ನು ಹಿಡಿಯಿತು. ಪೊಟ್ಟಣದ ನಂಬರು ಯಾವ ಊರಿನದೆಂದು ನೋಡಿ ಕಂಪನಿ ಚುವಾಸಾಕ್‌ನ ಲಾರಿ ನಿಲ್ಲಿಸಿತು.

ಬಟಾಣಿಗೆ ಇದೆಲ್ಲ ತಿಳಿಯುತ್ತದೆಯೇ? ಎರಡು ದಿನಕ್ಕೊಮ್ಮೆ ಕೀಳದಿದ್ದರೆ ಕಾಯಿ ಉಬ್ಬುತ್ತದೆ. ಉಬ್ಬಿದ್ದನ್ನು ಯಾರೂ ಮೂಸುವುದಿಲ್ಲ. ಒಂದು ವಾರದಿಂದ ಕಿತ್ತದ್ದೆಲ್ಲ ಹಂದಿಗೂಡಿಗೆ ಹೋಗಿದೆ. ಇವತ್ತು ಲಾರಿ ಬರಬಹುದೆಂಬ ಒಂದೇ ಆಸೆಯಿಂದ ಊರು ಮತ್ತೆ ಬುಟ್ಟಿ ಹಿಡಿದಿದೆ.

ಬಿಸಿಲು ಬೀಳುವಷ್ಟರಲ್ಲಿ ಶೆಡ್ಡಿನ ಮುಂದೆ ಬುಟ್ಟಿಗಳ ಸಾಲು. ಮೊದಲು ಬಂದವರು ಬಾಸಿಲಿಯೋನ ತಂಗಿ ಫಿಡೆಲಿಯಾ. ಬಾಯಿ ಜೋರು. ಬುಟ್ಟಿ ಇಳಿಸಿ ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾರೆ.

"ನೋಡಿ ಅತ್ತಿಗೆ, ಇವತ್ತೂ ಲಾರಿ ಬರದೆ ಇದ್ರೆ ನನ್ನ ಕಾಯಿಗಳಿಗೆ ಸೀಮಂತ ಮಾಡ್ಬೇಕಾಗುತ್ತೆ. ಎಲ್ಲಾ ಬಸುರಿಯಾಗಿವೆ."

"ನಿನ್ನ ಬಾಯಿಗಿಷ್ಟು! ಉಬ್ಬಿದ್ದು ಆರಿಸಿ ಆಚೆ ಹಾಕು ಮೊದಲು."

"ನಾನು ಆರಿಸ್ತೀನಿ. ನೀವು ಆ ನೆಲ ಸವೆಸೋದು ನಿಲ್ಲಿಸಿ. ಇನ್ನೊಂದು ಸಲ ಗುಡಿಸಿದ್ರೆ ಕೆಳಗಡೆ ಮಣ್ಣು ಕಾಣುತ್ತೆ, ಮತ್ತೆ ಹೊಸ ನೆಲ, ಮತ್ತೆ ನಿಮ್ಮ ಪೈನ್ ಎಲೆ!"

ಸಾಲಿನಲ್ಲಿದ್ದವರೆಲ್ಲ ನಗುತ್ತಾರೆ. ಮಕಾರಿಯಾ ನಗುವುದಿಲ್ಲ. ಪಕ್ಕದ ಹೊಲದ ಸೆಕುಂದಿನೋ ಶೊಯೋನ್ ಬಂದದ್ದನ್ನು ಅವರು ನೋಡಿದ್ದಾರೆ. ಆತನ ಒಂದು ಹೆಗಲಲ್ಲಿ ಬುಟ್ಟಿ, ಇನ್ನೊಂದರಲ್ಲಿ ಕೊಡಲಿ. ಪರಿಶೀಲಕ ಮೂರು ದಿನದ ಹಿಂದೆ ಫೋನಿನಲ್ಲಿ ಹೇಳಿದ್ದನಂತೆ: ಎಲೆ ಉದುರಿದ್ದು ಶೆಡ್ಡಿನ ಎದುರಿನ ಮರಗಳಿಂದ ಎಂದು ಆಫೀಸು ನಂಬಿದೆ, ಆ ಎರಡು ಮರ ಕಡಿದರೆ ಲಾರಿ ಬಿಡುತ್ತದೆ.

"ಮರ ಹೋದ್ರೆ ಹೋಗ್ಲಿ ಕಣಕ್ಕ," ಎನ್ನುತ್ತಾನೆ ಸೆಕುಂದಿನೋ. "ಪೈನ್ ಮರಕ್ಕೇನು ಬರ? ಗುಡ್ಡದ ಆಚೆ ಬೇಕಾದಷ್ಟಿವೆ."

"ಮಧ್ಯಾಹ್ನ ಆಚೆ ಗುಡ್ಡದ ನೆರಳು ಇಲ್ಲಿಗೆ ಬರುತ್ತೇನೋ? ಲಾರಿ ತಡವಾದ ದಿನ ನಿನ್ನ ಬಟಾಣಿ ಎಲ್ಲಿಡ್ತೀಯ, ನಿನ್ನ ಹೆಂಡ್ತಿ ಕೊಡೆ ಕೆಳಗಾ?"

"ಮತ್ತೇನು ಮಾಡೋಣ ಹೇಳು. ಅವರು ಮರ ಅಂದ್ರು, ಮರ ಅಂತಾನೇ ಇರ್ಲಿ. ನಿನ್ನ ಹೆಸರು ಎಲ್ಲೂ ಬಂದಿಲ್ಲ. ಸುಮ್ನಿದ್ದುಬಿಡು."

ಇದೇ ಮಾತನ್ನು ಮಕಾರಿಯಾ ಮೂರು ದಿನದಿಂದ ತೂಗಿ ನೋಡುತ್ತಿದ್ದಾರೆ. ಸುಮ್ಮನಿದ್ದರೆ ಊರು ಉಳಿಯುತ್ತದೆ, ಬೀಗದ ಕೈ ಉಳಿಯುತ್ತದೆ, ನಲವತ್ತೊಂದು ಉಳಿಯುತ್ತದೆ. ಹೋಗುವುದು ಎರಡು ಮರ. ಊರಿನ ಎಷ್ಟು ಮದುವೆಗಳಿಗೆ, ಎಷ್ಟು ಸಾವುಗಳಿಗೆ ಈ ಮರಗಳ ಎಲೆಯನ್ನೇ ಹಾಸಿದ್ದಾರೆ! ಅವರ ಮದುವೆಗೆ ಹಾಸಿದ್ದೂ ಇದನ್ನೇ. ಹಾಗೆಂದು ಬಾಯಿ ಬಿಟ್ಟರೆ? ರಫ್ತು ಸಾಮಾನು ಇಡುವ ಶೆಡ್ಡಿನ ತುಂಬ ಸೊಪ್ಪು ಹಾಸಿ ಧೂಪ ಹಾಕಿದೆವು ಎಂದರೆ ಕಂಪನಿ ಅಂಬಲಿ ಕುಡಿದು ಹರಸಿ ಹೋಗುತ್ತದೆಯೇ? ಊರಿಗೇ ಬಾಗಿಲು ಹಾಕಿದರೂ ಹಾಕಿತು. ಈ ಕಡೆ ಊರಿನ ಬುಟ್ಟಿಗಳ ಸಾಲು, ಆ ಕಡೆ ಕೊಡಲಿ. ನಡುವೆ ಮಕಾರಿಯಾ ಕ್ರೇಟುಗಳನ್ನು ಎತ್ತಿ ಇಟ್ಟು, ಇಟ್ಟದ್ದನ್ನು ಎತ್ತಿ, ಸುಮ್ಮನೆ ತಿರುಗುತ್ತಿದ್ದಾರೆ.

ಬೈಕಿನ ಸದ್ದು ಕೇಳಿಸುತ್ತದೆ. ಪರಿಶೀಲಕ ವಿಲ್ಮೆರ್ ಸಿರಿನ್ ಕೆಳಗಿನ ಊರಿನವನೇ. ಕಂಪನಿಯ ಟೋಪಿ, ಕಂಪನಿಯ ಅಂಗಿ. ಆದರೆ ಬೈಕ್ ಇಳಿದವನೇ ಮೊದಲು ಹಿರಿಯರ ಮುಂದೆ ತಲೆ ಬಾಗಿಸುತ್ತಾನೆ, ತಲೆ ಮುಟ್ಟಿಸಿಕೊಳ್ಳುತ್ತಾನೆ. ಆಮೇಲೆ ಶೆಡ್ಡಿನೊಳಗೆ ಹೋಗಿ ಮೇಜಿನ ಕೆಳಗೆ, ಕ್ರೇಟುಗಳ ಸಂದಿಯಲ್ಲಿ ಬ್ಯಾಟರಿ ಬಿಟ್ಟು ನೋಡುತ್ತಾನೆ. ಮಕಾರಿಯಾ ಪೊರಕೆ ಹಿಡಿದೇ ಹಿಂದೆ ಹಿಂದೆಯೇ ಹೋಗುತ್ತಾರೆ. ನೆಲ ಕನ್ನಡಿಯ ಹಾಗಿದೆ. ವಿಲ್ಮೆರ್ ತಿರುಗಿ ನಿಂತು, ಅವರ ಜಡೆಗೆ ಸಿಕ್ಕಿಕೊಂಡಿದ್ದ ಒಂದು ಒಣ ಪೈನ್ ಎಲೆಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸುತ್ತಾನೆ.

"ದೋನ್ಯಾ ಮಕಾರಿಯಾ, ಇದನ್ನೂ ಇಂಗ್ಲೆಂಡಿಗೆ ಕಳಿಸೋಣವಾ?" ಎನ್ನುತ್ತಾನೆ, ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಆ ಮಾತು ಬಿಡದೆ.

ಹೊರಗೆ ಫಿಡೆಲಿಯಾ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಳ್ಳುತ್ತಾರೆ. ವಿಲ್ಮೆರ್ ಕಿಸೆಯಿಂದ ಫೋನು ತೆಗೆದು ಆ ದೂರಿನ ಫೋಟೊ ತೋರಿಸುತ್ತಾನೆ. ಊರಿನ ಬುಡ ಅಲ್ಲಾಡಿಸಿದ ಆ ಎಲೆಯನ್ನು ಮಕಾರಿಯಾ ನೋಡುತ್ತಿರುವುದು ಇದೇ ಮೊದಲು. ಬಿಳಿ ತಟ್ಟೆ. ತಟ್ಟೆಯ ಅಂಚು ಹಿಡಿದ ಒಂದು ಕೈ, ಮುದುಕಿಯ ಕೈ, ಗೆಣ್ಣುಗಳು ಊದಿಕೊಂಡಿವೆ. ಹಿಂದೆ ಕಿಟಕಿ, ಕಿಟಕಿಯಾಚೆ ಮಳೆ. ತಟ್ಟೆಯ ನಡುವೆ ಎಲೆ, ಬಿಡಿಸಿ ಹಾಸಿದ ದಿನ ಹೇಗಿತ್ತೋ ಹಾಗೇ ಹಚ್ಚಹಸಿರು.

"ಇದು ಉದುರಿದ್ದಲ್ಲ," ಎಂದುಬಿಡುತ್ತಾರೆ ಮಕಾರಿಯಾ.

"ದೋನ್ಯಾ..." ವಿಲ್ಮೆರ್ ಬಾಗಿಲ ಕಡೆ ನೋಡುತ್ತಾನೆ.

"ಉದುರೋದು ಒಣಗಿದ್ದು. ಇದು ಹಸಿ. ನಾನು ಕೀಳಿಸಿ ಹಾಸಿದ್ದು. ಹೊಸ ನೆಲ ಅಂತ."

ವಿಲ್ಮೆರ್ ದನಿ ತಗ್ಗಿಸುತ್ತಾನೆ.

"ಗೊತ್ತು. ಫೋಟೊ ನೋಡಿದ ತಕ್ಷಣ ಗೊತ್ತಾಯ್ತು. ನಮ್ಮಮ್ಮ ಹಾಸಲ್ವಾ? ಅದಕ್ಕೇ ಮರದ ಮೇಲೆ ಹಾಕಿದೆ. ಮರಕ್ಕೆ ನಂಬರಿಲ್ಲ, ನಿಮಗಿದೆ. ಯಾಕೆ ಬಾಯಿ ಬಿಟ್ರಿ?"

"ಮಾಡಿದ್ದು ನಾನು, ಕೊಡಲಿ ಏಟು ಮರಕ್ಕಾ? ನಂಗೆ ಮೂರು ದಿನದಿಂದ ರೊಟ್ಟಿ ಸೇರ್ತಿಲ್ಲ ಕಣಪ್ಪ. ಮರ ಕಡಿದ ಮೇಲೂ ಸೇರಲ್ಲ. ನೀನು ನಿಜ ಹೇಳು ಅವರಿಗೆ. ನಲವತ್ತೊಂದು ಅಂತ ಹೇಳು. ಊರಿಗೆ ಶಿಕ್ಷೆ ಬೇಡ ಅಂತ ಕೇಳು."

ಕೋಪವೋ ಸಂಕಟವೋ, ವಿಲ್ಮೆರ್ ಟೋಪಿ ತೆಗೆದು ತೊಡೆಗೆ ಬಡಿದುಕೊಳ್ಳುತ್ತಾನೆ. ಆಫೀಸಿಗೆ ಫೋನು ಮಾಡಬೇಕೆಂದರೆ ಮೇಲಿನ ಬಂಡೆ ಹತ್ತಬೇಕು. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಅವನು ಹತ್ತುತ್ತಾನೆ. ಊರೆಲ್ಲ ಕತ್ತು ಎತ್ತಿ ನೋಡುತ್ತಾ ನಿಲ್ಲುತ್ತದೆ. ಗಾಳಿಗೆ ಮಾತು ಕೇಳಿಸುವುದಿಲ್ಲ, ಕೈ ಆಡಿಸುವುದಷ್ಟೇ ಕಾಣುತ್ತದೆ. ಒಮ್ಮೆ ಮರ ತೋರಿಸುತ್ತಾನೆ, ಒಮ್ಮೆ ಶೆಡ್ಡು ತೋರಿಸುತ್ತಾನೆ, ಫೋನಿನಲ್ಲಿರುವವರಿಗೆ ಕಾಣುತ್ತದೆಯೇನೋ ಎಂಬಂತೆ.

ಮಕಾರಿಯಾ ಆ ಕಡೆ ನೋಡುವುದಿಲ್ಲ. ಅವರಿಗೆ ಕೈ ಸುಮ್ಮನಿರಬಾರದು. ಬೆಳೆಗೆ ಹೊದಿಸುವ ತೆಳು ಬಿಳಿ ಬಟ್ಟೆಯ ಒಂದು ಸುರುಳಿ ಶೆಡ್ಡಿನ ಹಿಂದೆ ಬಿದ್ದಿದೆ. ಅದನ್ನು ಎಳೆದು ತಂದು, ಹಲ್ಲಿನಿಂದ ಅಂಚು ಹರಿದು, ಬಾಗಿಲಿಗೆ ಅಳತೆ ಹಿಡಿಯುತ್ತಾರೆ. ಫಿಡೆಲಿಯಾ ಇನ್ನೊಂದು ತುದಿ ಹಿಡಿಯುತ್ತಾರೆ. ಸೆಕುಂದಿನೋ ಕೊಡಲಿ ತಿರುಗಿಸಿ ಅದರ ಹಿಂಬದಿಯಿಂದ ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆಯತೊಡಗುತ್ತಾನೆ. ನೋಡನೋಡುತ್ತಿದ್ದಂತೆ ಬಾಗಿಲಿಗೆ, ಕಿಟಕಿಗೆ, ಮಾಡಿನ ಸಂದಿಗೆ ಪರದೆ ಬೀಳುತ್ತದೆ. ಗಾಳಿ ಬೀಸಿ ಎಲೆಗಳು ಹಾರಿ ಬರುತ್ತವೆ. ಬಟ್ಟೆಗೆ ತಾಗಿ ಹೊರಗೇ ಬೀಳುತ್ತವೆ.

ವಿಲ್ಮೆರ್ ಬಂಡೆ ಇಳಿದು ಬರುವಾಗ ಯಾರ ಮುಖವನ್ನೂ ನೋಡುವುದಿಲ್ಲ.

"ಲಾರಿ ಬರುತ್ತೆ," ಎನ್ನುತ್ತಾನೆ. ಒಂದು ದೊಡ್ಡ ಉಸಿರು ಸಾಲಿನುದ್ದಕ್ಕೂ ಸಾಗುತ್ತದೆ. "ಮರ ಇರ್ಲಿ ಅಂದ್ರು. ಪರದೆ ತೆಗೀಬಾರದು. ಒಳಗೆ ಸೊಪ್ಪು, ಹೂವು, ಧೂಪ ಏನೂ ತರಬಾರದು. ಆಮೇಲೆ... ದೋನ್ಯಾ ಮಕಾರಿಯಾ ಈ ಬೆಳೆ ಮುಗಿಯೋವರೆಗೂ ಶೆಡ್ಡಿನ ಒಳಗೆ ಬರೋ ಹಾಗಿಲ್ಲ. ನಲವತ್ತೊಂದರ ಬಟಾಣಿ ತಗೋತೀವಿ. ಕೈ ಮಾತ್ರ ಬೇರೆಯವರದ್ದಿರಬೇಕು."

ಮಕಾರಿಯಾ ನಡುಪಟ್ಟಿಯಿಂದ ಬೀಗದ ಕೈ ಬಿಡಿಸಲು ಹೋಗುತ್ತಾರೆ. ವರ್ಷಗಳಿಂದ ಕಟ್ಟಿದ ಗಂಟು ಬಿಚ್ಚುವುದಿಲ್ಲ. ಕೊನೆಗೆ ಫಿಡೆಲಿಯಾ ಬಗ್ಗಿ ಹಲ್ಲಿನಿಂದ ಬಿಚ್ಚುತ್ತಾರೆ, ತಲೆ ಎತ್ತಿದಾಗ ಅವರ ಕಣ್ಣು ತುಂಬಿರುತ್ತದೆ. ಮಕಾರಿಯಾ ಬೀಗದ ಕೈಯನ್ನು ಅವರ ಅಂಗೈಗೇ ಇಡುತ್ತಾರೆ.

"ಅಳ್ತಾ ನಿಂತ್ರೆ ಆಗಲ್ಲ ಮಾರಾಯ್ತಿ," ಎಂದು ಮಕಾರಿಯಾ ಗದರುತ್ತಾರೆ. "ಅಂಗೈ ಅಗಲ ಮಾಡಿ ಆಡಿಸು, ಬೆರಳಲ್ಲಿ ಚಿವುಟಬೇಡ. ಉಬ್ಬಿದ್ದು ಕಣ್ಣಿಗೆ ಕಾಣೋ ಮೊದಲು ಅಂಗೈಗೆ ಗೊತ್ತಾಗುತ್ತೆ."

ಆಮೇಲೆ ಅವರು ಪರದೆಯ ಹೊರಗೆ ನಿಂತೇ ಕೆಲಸ ಮಾಡಿಸುತ್ತಾರೆ. ಒಳಗೆ ಫಿಡೆಲಿಯಾ, ಹೊರಗೆ ಇವರ ಕೂಗು. ಯಾರ ಬುಟ್ಟಿ ಮೊದಲು, ಯಾವ ಕ್ರೇಟು ತುಂಬಿತು, ನಾಯಿ ಕಟ್ಟಿ, ಕೋಳಿ ಓಡಿಸಿ. ಬಿಸಿಲು ಏರುವಷ್ಟರಲ್ಲಿ ಲಾರಿ ಬರುತ್ತದೆ. ಹಿಂದಿನ ಬಾಗಿಲು ತೆಗೆದಾಗ ತಣ್ಣನೆ ಮಂಜಿನಂಥ ಗಾಳಿ ಹೊರಗೆ ಬರುತ್ತದೆ. ಕ್ರೇಟುಗಳು ಒಂದರ ಮೇಲೊಂದು ಏರುತ್ತವೆ. ಅದು ತಿರುವಿನಲ್ಲಿ ಮರೆಯಾಗುವ ತನಕ ಊರು ನಿಂತು ನೋಡುತ್ತದೆ. ಸೆಕುಂದಿನೋ ಕೊಡಲಿ ಹೆಗಲಿಗೇರಿಸಿ, ಮಕಾರಿಯಾ ಅವರ ಮುಂದೆ ಬಂದು, ಅವರ ಖಾಲಿ ಬುಟ್ಟಿಯನ್ನೂ ತಾನೇ ಎತ್ತಿಕೊಂಡು ಇಳಿಯುತ್ತಾನೆ.

ವಿಲ್ಮೆರ್ ಬೈಕ್ ಹತ್ತುವಾಗ ಮಕಾರಿಯಾ ಅವನ ತೋಳು ಹಿಡಿಯುತ್ತಾರೆ.

"ಆ ಫೋಟೊದ ಹೆಂಗಸಿಗೆ ಏನಂತ ಉತ್ತರ ಕೊಟ್ರಿ?"

"ಗಿಡದ ಕಸ ಸೇರಿಕೊಂಡಿತ್ತು, ಕ್ಷಮಿಸಿ, ಮುಂದೆ ಹೀಗಾಗಲ್ಲ ಅಂತ. ಯಾವಾಗಲೂ ಹಾಗೇ ಬರೆಯೋದು."

"ಕಸ ಅಂದ್ರಾ?"

ಅಷ್ಟು ಹೊತ್ತು ತಡೆದುಕೊಂಡಿದ್ದ ಸಂಕಟ ಈಗ ಮುಖಕ್ಕೆ ಬರುತ್ತದೆ. ಹಿಡಿದ ತೋಳನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ.

"ಕಸ ಅಲ್ಲ ಅಂತ ಹೇಳಪ್ಪ ಆಯಮ್ಮಂಗೆ. ಕಂಪನಿ ಹೇಳದೆ ಇದ್ರೆ ನೀನಾದ್ರೂ ಹೇಳು. ಬಟಾಣಿ ಅವರ ಊಟಕ್ಕೆ ಹೋಗೋದು ಅಂತಾನೇ ಹಾಸಿದ್ದು ನಾನು. ಆ ಕೈ ನೋಡಿದೆಯಾ? ನಮ್ಮಮ್ಮನ ಕೈಗಿರೋ ಹಾಗೇ ಗಂಟುಗಳು. ಎಂದಾದ್ರೂ ಈ ಕಡೆ ಬಂದ್ರೆ ನಮ್ಮನೆಗೆ ಕರ್ಕೊಂಡು ಬಾ. ಶೆಡ್ಡಲ್ಲಿ ಬೇಡ, ಶೆಡ್ಡಲ್ಲಿ ಹಾಸಿದ್ರೆ ನೀನು ಮತ್ತೆ ಲಾರಿ ನಿಲ್ಲಿಸ್ತೀಯ. ಮನೇಲಿ. ಮರ ಇದೆಯಲ್ಲ ಇನ್ನೂ, ಬಾಗಿಲಿಂದ ಒಲೆ ತನಕ ಹಸಿರು ಹಾಸ್ತೀನಿ. ಬರಿ ನೆಲದ ಮೇಲೆ ಕೂರಿಸಲ್ಲ ಅವರನ್ನ."